ಮಳೆನಾಡಿನಲ್ಲಿ ಹಳೆಯ ಜೀಪು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಹೋಗುವ ಪ್ರವಾಸಿಗರು ಬಹುಮಟ್ಟಿಗೆ ನೀರು ಬೀಳುವುದನ್ನು ನೋಡಲು ಹೋಗುತ್ತಾರೆ. ಮಾಗೋಡು, ಸಾತೊಡ್ಡಿ, ಉಂಚಳ್ಳಿ, ಬುರುಡೆ - ಹೆಸರು ಹೇಳುತ್ತ ಹೋದರೆ ಒಂದು ವಾರದ ರಜೆ ಸಾಲದು. ಆದರೆ ಆ ನೀರು ಜಲಪಾತದಲ್ಲಿ ಮಾತ್ರ ಬೀಳುವುದಿಲ್ಲ. ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸಿನಲ್ಲಿ, ಸಿದ್ದಾಪುರದ ಕಡೆ ಅದಕ್ಕೂ ಹೆಚ್ಚಾಗಿ, ಎಲ್ಲರ ಮನೆಯ ಮೇಲೂ, ಎಲ್ಲರ ತೋಟದ ಮೇಲೂ, ಅಂಗಳದ ಮೂಲೆಯಲ್ಲಿ ನಿಂತ ಮೋಟಾರಿನ ಮೇಲೂ ಬೀಳುತ್ತದೆ. ಪ್ರವಾಸಿಗನು ನೋಡಿ ಬರುವುದು ನೀರಿನ ಸೊಬಗನ್ನು; ಊರಿನವನು ವರ್ಷವಿಡೀ ಲೆಕ್ಕ ಹಾಕುವುದು ಅದರ ಕೆಲಸವನ್ನು. ಈ ಸಲ ನನ್ನ ಪಾಲಿಗೆ ಬಂದದ್ದು ಎರಡನೆಯ ಬಗೆಯ ಪ್ರವಾಸ.

ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟವಿರುವ ನನ್ನ ಮಿತ್ರರೊಬ್ಬರಿದ್ದಾರೆ. ಅವರ ತಂದೆಯವರು 1978ರಲ್ಲಿ ಹೊಸದಾಗಿ ಕೊಂಡ ಮಹೀಂದ್ರ ಜೀಪು ಇಂದಿಗೂ ಆ ಮನೆಯ ಸೇವೆಯಲ್ಲಿದೆ. ಬಸ್ಸಿನ ರಸ್ತೆಯಿಂದ ಅವರ ಮನೆಗೆ ಮೂರು ಕಿಲೋಮೀಟರು ಕಚ್ಚಾ ದಾರಿ. ನಡುವೆ ಒಂದು ಹಳ್ಳ, ಅದರಾಚೆ ಕೆಂಪು ಮಣ್ಣಿನ ಏರು. ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆ ನೋವು ಬಂದವರನ್ನೂ, ಹಾವು ಕಚ್ಚಿದವರನ್ನೂ ಆ ದಾರಿಯಲ್ಲಿ ಹೊತ್ತು ತಂದು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ ವಾಹನ ಅದು. ಎಂಜಿನ್ನು ಇನ್ನೂ ಗಟ್ಟಿಯಾಗಿದೆ, ಚಾಸಿ ನೆಟ್ಟಗಿದೆ. ಕೆಟ್ಟದ್ದು ಮೈಮಾತ್ರ. ಚಾಲಕನ ಕಾಲಕೆಳಗಿನ ತಗಡು ತೂತಾಗಿ ರಸ್ತೆ ಕಾಣುತ್ತಿತ್ತು. ಮಡ್‌ಗಾರ್ಡುಗಳ ಅಂಚು ಹಪ್ಪಳದಂತೆ ಪುಡಿಯಾಗುತ್ತಿತ್ತು. 2028ರಲ್ಲಿ ಅದರ ನೋಂದಣಿಯನ್ನು ಮತ್ತೆ ನವೀಕರಿಸಬೇಕು. ಅಷ್ಟರೊಳಗೆ ಮೈ ಸರಿಯಾಗದಿದ್ದರೆ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಗುಜರಿಯವನೇ ಗತಿ.

ಮಿತ್ರರ ಮಗ ಹುಬ್ಬಳ್ಳಿಯಲ್ಲಿ ಓದುವ ಹುಡುಗ. "ಅಪ್ಪಯ್ಯಾ, ಮತ್ತೆ ಕಬ್ಬಿಣ ಹಾಕಿದರೆ ಮತ್ತೆ ತುಕ್ಕು. ಅಲ್ಯೂಮಿನಿಯಮ್ ಇಲ್ಲವೇ ಫೈಬರ್ ಹಾಕಿಸೋಣ, ಗಾಡಿ ಹಗುರವೂ ಆಗುತ್ತದೆ, ಪೆಟ್ರೋಲೂ ಉಳಿಯುತ್ತದೆ" ಎಂಬುದು ಅವನ ವಾದ. ತಂದೆಗೆ ಮಗನ ಮಾತು ಅರ್ಧ ಹಿಡಿಸಿತ್ತು, ಅರ್ಧ ಅನುಮಾನ. ಮೂರು ಊರುಗಳಲ್ಲಿ ವಿಚಾರಿಸಿ ತೀರ್ಮಾನಿಸುವುದೆಂದು ಹೊರಟಾಗ ನನ್ನನ್ನೂ ಜೊತೆಗೆ ಕರೆದರು. ಹೀಗೆ, ತಗಡಿನ ನೆಪದಲ್ಲಿ, ಆಶ್ವಯುಜದ ಎಳೆಬಿಸಿಲಿನಲ್ಲಿ ಘಟ್ಟದ ಮೇಲಿನ ನಾಡನ್ನು ಸುತ್ತುವ ಯೋಗ ನನಗೆ ಒದಗಿತು.

ಯಲ್ಲಾಪುರದ ಹೆದ್ದಾರಿ

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿಲೋಮೀಟರು. ಕಲಘಟಗಿ ದಾಟುವವರೆಗೆ ಬಯಲುಸೀಮೆಯ ಹೊಲಗಳು; ಅನಂತರ ಮರಗಳು ಒಂದೊಂದಾಗಿ ರಸ್ತೆಯ ಹತ್ತಿರಕ್ಕೆ ಬರುತ್ತವೆ; ಯಲ್ಲಾಪುರ ಬರುವ ವೇಳೆಗೆ ಕಾಡೇ ದಾರಿಗೆ ಚಪ್ಪರ ಹಾಕಿರುತ್ತದೆ. ಊರಿನ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ ಮುಂದೆ ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಸಮುದ್ರದಂಡೆಗೆ ಸೇರುತ್ತದೆ. ಘಟ್ಟ ಹತ್ತಿ ಬಂದ ಲಾರಿಗಳು ಇಲ್ಲಿ ಉಸಿರು ತೆಗೆದುಕೊಳ್ಳುತ್ತವೆ. ಇಳಿಯುವ ಲಾರಿಗಳು ಬ್ರೇಕು ನೋಡಿಸಿಕೊಳ್ಳುತ್ತವೆ. ಆದ್ದರಿಂದ ರಸ್ತೆಯ ಎರಡೂ ಬದಿಗೆ ಚಹದ ಅಂಗಡಿ, ಪಂಕ್ಚರ್ ಅಂಗಡಿ, ವೆಲ್ಡಿಂಗಿನ ಅಂಗಡಿಗಳ ಸಾಲು.

ಅಂಥ ಒಂದು ಶೆಡ್ಡಿನಲ್ಲಿ ಫೈಬರಿನ ಬಾನೆಟ್ಟೊಂದು ಗೋಡೆಗೆ ಒರಗಿ ನಿಂತಿತ್ತು. ಮಗ ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದನು. ತಂದೆಯವರು ಬೆರಳಿನಿಂದ ತಟ್ಟಿ, "ಇದು ನಮ್ಮ ಹಾಳೆಯ ಹಾಗೇ ಸದ್ದು ಮಾಡುತ್ತದಲ್ಲ!" ಎಂದರು.

ಮಾತು ತಮಾಷೆಯಾಗಿ ಬಂದರೂ ಅದರಲ್ಲಿ ತಥ್ಯವಿತ್ತು. ಅಡಿಕೆಯ ಹಾಳೆಯನ್ನು ನೋಡಿದವರಿಗೆ ಫೈಬರ್ ತಗಡಿನ ಗುಟ್ಟು ಅರ್ಧ ತಿಳಿದಂತೆಯೇ. ಹಾಳೆಯಲ್ಲಿ ನಾರುಗಳಿವೆ, ನಾರುಗಳನ್ನು ಹಿಡಿದಿಡುವ ತಿರುಳಿದೆ. ನಾರು ಬಲ ಕೊಡುತ್ತದೆ, ತಿರುಳು ಆಕಾರ ಕೊಡುತ್ತದೆ. ಫೈಬರಿನಲ್ಲಿ ನಾರಿನ ಸ್ಥಾನದಲ್ಲಿ ಗಾಜಿನ ಎಳೆ, ತಿರುಳಿನ ಸ್ಥಾನದಲ್ಲಿ ರಾಳ. ಹಾಳೆಯ ನಾರುಗಳೆಲ್ಲ ಒಂದೇ ದಿಕ್ಕಿನಲ್ಲಿ ಓಡುವುದರಿಂದ ಅದು ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲ. ಈ ದೋಷವನ್ನು ತಪ್ಪಿಸಲು ಗಾಜಿನ ಎಳೆಗಳನ್ನು ತುಂಡರಿಸಿ ಎಲ್ಲ ದಿಕ್ಕಿಗೂ ಚೆಲ್ಲಿದ ಚಾಪೆಯನ್ನು ಬಳಸುತ್ತಾರೆ. ಚಪ್ಪಟೆಯಾಗಿ ಬಿದ್ದ ಹಾಳೆ ಬಾಗುತ್ತದೆ. ಅದನ್ನೇ ಮಡಿಸಿ ಟೊಪ್ಪಿ ಮಾಡಿದರೆ ತಲೆಯ ಮೇಲಿನ ಹೊರೆಯನ್ನು ತಾಳುತ್ತದೆ. ಮೋಟಾರಿನ ಮೈಗೆ ಉಬ್ಬು, ಮಡಿಕೆ, ಗೆರೆಗಳನ್ನು ಕೊಡುವುದು ಬರಿಯ ಚೆಲುವಿಗಾಗಿ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಫೈಬರಿನ ಮೈ ಕನ್ನಡಿಗರಿಗೆ ತೀರ ಹೊಸದೂ ಅಲ್ಲ. ಅಮೆರಿಕದಲ್ಲಿ 1953ರಲ್ಲಿ ಷೆವರ್ಲೆ ಕಾರ್ವೆಟ್ ಕಾರು ಗಾಜಿನ ನಾರಿನ ಮೈಯೊಡನೆ ಹೊರಬಂದಿತು. ನಮ್ಮ ಬೆಂಗಳೂರಿನಲ್ಲಿಯೇ 1980ರ ದಶಕದಲ್ಲಿ ಸಿಪಾನಿಯವರ ಡಾಲ್ಫಿನ್ ಎಂಬ ಪುಟ್ಟ ಕಾರು ಫೈಬರಿನ ಮೈಯಲ್ಲಿ ತಯಾರಾಯಿತು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಅದರ ಮಾರುಕಟ್ಟೆ ಕುಗ್ಗಿತು. ಅದೇ ಬೆಂಗಳೂರಿನಿಂದ 2001ರಲ್ಲಿ ಹೊರಟ ರೇವಾ ಎಂಬ ವಿದ್ಯುತ್ ಕಾರಿನಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ಕಿನ ಹೊರಮೈಯನ್ನು ಕೂಡಿಸಿದ್ದರು. ಇವುಗಳಿಂದ ಒಂದು ಪಾಠ ಸ್ಪಷ್ಟ: ಹಗುರವಾದ ಮೈ ಹಾಕಬೇಕಾದರೆ ಭಾರ ಹೊರುವ ಎಲುಬುಗೂಡು ಬೇರೆಯಾಗಿರಬೇಕು.

ಜೀಪಿಗೆ ಆ ಅನುಕೂಲವಿದೆ. ಅದರ ಎಂಜಿನ್ನು, ಗಾಲಿ, ಸ್ಪ್ರಿಂಗುಗಳೆಲ್ಲ ಚಾಸಿಯೆಂಬ ಉಕ್ಕಿನ ಏಣಿಗೆ ಸೇರಿವೆ. ಮೈಯನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಸಂಗತಿ ಹಾಗಲ್ಲ. ಅವುಗಳಲ್ಲಿ ಪ್ರತ್ಯೇಕ ಚಾಸಿ ಇಲ್ಲ. ನೆಲ, ಚಾವಣಿ, ಕಂಬ, ಬಾಗಿಲಿನ ಕೆಳಗಿನ ಪಟ್ಟಿ - ಇವೆಲ್ಲ ಸೇರಿಯೇ ಎಲುಬು. ಅಂಥ ಕಾರುಗಳನ್ನು ಮನೆಯಲ್ಲಿ ಇಟ್ಟುಕೊಂಡ ವಾಚಕರು ಇದನ್ನು ಮರೆಯಬಾರದು. ಬಾನೆಟ್ಟು, ಡಿಕ್ಕಿಯ ಮುಚ್ಚಳಗಳಂಥ ಭಾಗಗಳ ವಿಷಯ ಯೋಚಿಸಬಹುದು. ಆದರೆ ನೆಲಕ್ಕೋ ಚಾವಣಿಗೋ ಫೈಬರ್ ಅಂಟಿಸುವುದೆಂದರೆ ಮನೆಯ ಕಂಬ ಕಿತ್ತು ಪರದೆ ಕಟ್ಟಿದಂತೆ. ಅಪಘಾತದ ಕ್ಷಣದಲ್ಲಿ ಒಳಗಿನವರನ್ನು ಕಾಯುವುದು ಆ ಉಕ್ಕೇ.

ಶೆಡ್ಡಿನ ಯಜಮಾನ ಮಾತಿನಲ್ಲಿ ಪ್ರಾಮಾಣಿಕ. "ಸಾಹೇಬ್ರೆ, ಫೈಬರ್ ತುಕ್ಕು ಹಿಡಿಯೋದಿಲ್ಲ, ಖರೆ. ಆದ್ರ ಬೋಲ್ಟ್ ಬಿಗಿಯೋ ಜಾಗದಾಗ ಸೀಳ್ತದ. ಅಲ್ಲಿ ಒಳಗ ಕಬ್ಬಿಣದ ಪಟ್ಟಿ ಇಟ್ಟು ದಪ್ಪ ಮಾಡಿಸ್ಬೇಕು, ಅಗಲ ವಾಷರ್ ಹಾಕಿಸ್ಬೇಕು. ಸೈಲೆನ್ಸರ್ ಹತ್ರ ಇಡಬಾರ್ದು. ಇನ್ನ, ಮಳೆಗಾಲದಾಗ ಮಾಡಿಸ್ಬ್ಯಾಡ್ರಿ" ಎಂದನು. ಮಳೆಗಾಲದ ಮಾತಿಗೆ ಕಾರಣವಿದೆ. ಗಾಜಿನ ಚಾಪೆ ತೇವ ಹೀರಿದ್ದರೆ ರಾಳ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ತಂಪು ಹವೆಯಲ್ಲಿ ಗಟ್ಟಿಯಾಗಲು ತಡವಾಗುತ್ತದೆ. ಮೇಲೆ ನುಣ್ಣಗೆ ಕಂಡರೂ ಒಳಗೆ ಪದರ ಬಿಟ್ಟುಕೊಂಡಿರುತ್ತದೆ. ರಾಳವನ್ನು ಗಟ್ಟಿ ಮಾಡುವ ದ್ರವವನ್ನೂ ಅದರ ವೇಗ ಹೆಚ್ಚಿಸುವ ಕೋಬಾಲ್ಟಿನ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರಸಿದರೆ ಸಿಡಿಯುವ ಅಪಾಯವೂ ಇದೆ. ಒಂದನ್ನು ರಾಳದಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಮನೆಯಲ್ಲಿ ತಾವೇ ಮಾಡಿನೋಡುವ ಉತ್ಸಾಹವಿರುವ ತರುಣರಿಗೆ ಈ ಮಾತು ಗೊತ್ತಿರಲಿ. ಇನ್ನೊಂದು ಸಣ್ಣ ಸಂಗತಿ: ಫೈಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಕಬ್ಬಿಣದ ಮಡ್‌ಗಾರ್ಡಿಗೆ ಕೂಡಿಸಿದ ದೀಪ ತಗಡಿನ ಮೂಲಕವೇ ಬ್ಯಾಟರಿಗೆ ಮರುದಾರಿ ಪಡೆಯುತ್ತದೆ. ಫೈಬರಿಗೆ ಬದಲಾಯಿಸಿದರೆ ಅದಕ್ಕಾಗಿ ಬೇರೊಂದು ತಂತಿ ಎಳೆಯಬೇಕು.

ಬೇಡ್ತಿಯನ್ನು ದಾಟಿ ಶಿರಸಿಗೆ

ಯಲ್ಲಾಪುರದಿಂದ ಶಿರಸಿಗೆ ಸುಮಾರು 50 ಕಿಲೋಮೀಟರು. ಮಂಚಿಕೇರಿಯ ಬಳಿ ಬೇಡ್ತಿ ಹೊಳೆಯನ್ನು ದಾಟುತ್ತೇವೆ. ಇದೇ ಹೊಳೆ ಮಾಗೋಡಿನಲ್ಲಿ ಸುಮಾರು 200 ಮೀಟರು ಕೆಳಗೆ ಧುಮುಕಿ, ಗಂಗಾವಳಿಯೆಂಬ ಹೆಸರು ಪಡೆದು ಕಡಲು ಸೇರುತ್ತದೆ. ದಾರಿಯಲ್ಲಿ ಶಾಲ್ಮಲೆಯ ದಂಡೆಯ ಸಹಸ್ರಲಿಂಗಕ್ಕೆ ಇಳಿದೆವು. 1678ರಿಂದ 1718ರವರೆಗೆ ಆಳಿದ ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ ಹೊಳೆಯ ಬಂಡೆಗಳಲ್ಲಿ ಕಡೆಸಿದ ಲಿಂಗಗಳು, ನಂದಿಗಳು ಅಲ್ಲಿವೆ. ಮಳೆಗಾಲದಲ್ಲಿ ನೀರಿನಡಿ ಮುಳುಗಿ, ಚಳಿಗಾಲಕ್ಕೆ ಮೇಲೆದ್ದು, ಮುನ್ನೂರು ವರ್ಷಗಳಿಂದ ಹೀಗೆಯೇ ಇವೆ. ಹುಡುಗ ನಂದಿಯ ಬೆನ್ನು ಸವರಿ, "ಇದಕ್ಕೆ ಪ್ರೈಮರ್ ಬೇಡ" ಎಂದು ನಕ್ಕನು. ಕಲ್ಲು ನೆಲದಿಂದ ಹೇಗೆ ಬಂದಿತೋ ಹಾಗೆಯೇ ಇದೆ. ಕಬ್ಬಿಣವನ್ನಾದರೋ ಅದಿರಿನಿಂದ ನಾವು ಬಲವಂತವಾಗಿ ಬಿಡಿಸಿ ತಂದಿದ್ದೇವೆ. ನೀರು, ಗಾಳಿ ಸಿಕ್ಕಿದೊಡನೆ ಅದು ಮತ್ತೆ ಮಣ್ಣಾಗಲು ಹವಣಿಸುತ್ತದೆ. ತುಕ್ಕು ಎಂದರೆ ಕಬ್ಬಿಣದ ಮನೆಗೆ ಮರಳುವ ದಾರಿ.

ಶಿರಸಿ ಇಂದು ದೊಡ್ಡ ಪೇಟೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ನಾಡೆಲ್ಲ ಇಲ್ಲಿ ನೆರೆಯುತ್ತದೆ; ಉಳಿದ ದಿನಗಳಲ್ಲಿ ಅಡಿಕೆಯೇ ಇಲ್ಲಿಯ ಜಾತ್ರೆ. ತೋಟಿಗರು 1923ರಲ್ಲಿ ಕಟ್ಟಿಕೊಂಡ ಸಹಕಾರಿ ಮಾರಾಟ ಸಂಘದ ಅಂಗಳದಲ್ಲಿ ಚಾಲಿ, ಕೆಂಪಡಿಕೆಗಳ ರಾಶಿಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆದರೆ ನಾವು ಹುಡುಕಿ ಹೋದದ್ದು ಪೇಟೆಯ ಹೊರಗೆ ತಗಡಿನ ಕೆಲಸ ಮಾಡುವ ಒಬ್ಬ ಹಿರಿಯ ಟಿಂಕರನ್ನು.

ಆತ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟನು. ಅನಂತರ ಬಟ್ಟೆ ಸುತ್ತಿದ ಅಯಸ್ಕಾಂತದ ತುಂಡೊಂದನ್ನು ತಗಡಿಗೆ ಹಿಡಿದು ಸರಿಸುತ್ತ ಹೋದನು. ಹಿಂದಿನ ಮೂಲೆಯಲ್ಲಿ ಅಯಸ್ಕಾಂತ ಜಾರಿ ಬಿದ್ದಿತು. "ಹೆಗಡೇರೆ, ಇಲ್ಲಿ ತಗಡೇ ಇಲ್ಲ, ಬರೀ ಪಟ್ಟಿ, ಅದರ ಮೇಲೆ ಬಣ್ಣ. ಯಾವಾಗ್ಲೋ ಯಾರೋ ತುಂಬಿಸಿಟ್ಟಿದ್ದಾರೆ ಮಾರಾಯ್ರೆ" ಎಂದನು. ಹಳೆಯ ಕಾರು ಕೊಳ್ಳುವವರಿಗೆ ಈ ಪರೀಕ್ಷೆಗಿಂತ ಅಗ್ಗವಾದದ್ದು ಇನ್ನೊಂದಿಲ್ಲ.

ಮಗ ಹಗುರದ ಮಾತೆತ್ತಿದನು. ಹಿರಿಯನು ಮೇಜಿನ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದನು. ಆ ಲೆಕ್ಕವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತೇನೆ. ಮನೆಯ ಮಕ್ಕಳೂ ಮಾಡಿ ನೋಡಬಹುದು.

ಒಂದು ಚದರ ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ತೂಕ 7.85 ಕಿಲೋ. ಅಷ್ಟೇ ದಪ್ಪದ ಅಲ್ಯೂಮಿನಿಯಮ್ 2.7 ಕಿಲೋ. ಮೂರರಲ್ಲಿ ಒಂದು ಪಾಲು! ಆದರೆ ಬಾಗಿಸುವ ಬಲಕ್ಕೆ ಅಲ್ಯೂಮಿನಿಯಮ್ ಕೊಡುವ ಎದುರುತ್ತರವೂ ಉಕ್ಕಿನ ಮೂರರಲ್ಲಿ ಒಂದೇ ಪಾಲು. ಅಷ್ಟೇ ಬಿಗಿ ಬೇಕಾದರೆ ತಗಡನ್ನು ಸುಮಾರು 1.45 ಮಿಲಿಮೀಟರ್ ದಪ್ಪ ಮಾಡಬೇಕು. ಆಗ ತೂಕ 3.9 ಕಿಲೋ, ಅಂದರೆ ಉಕ್ಕಿನ ಅರ್ಧ. ತುಂಡು ನಾರಿನ ಫೈಬರ್ ಇನ್ನೂ ಮೆದು. ಅದಕ್ಕೆ ಮೂರು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ದಪ್ಪ ಬೇಕು, ತೂಕ ಸುಮಾರು 4.6 ಕಿಲೋ. ಹೀಗಾಗಿ, ಕೈಯಿಂದ ಮಾಡಿದ ಫೈಬರ್ ಅಲ್ಯೂಮಿನಿಯಮ್ಮಿಗಿಂತ ಹಗುರವೆಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇನ್ನು ಜೀಪಿಗೆ ಬರೋಣ. ಬಾನೆಟ್ಟು, ಎರಡು ಮಡ್‌ಗಾರ್ಡು, ಹಿಂಬಾಗಿಲು ಸೇರಿ ಮೂರು ಚದರ ಮೀಟರ್ ತಗಡೆಂದು ಇಟ್ಟುಕೊಳ್ಳೋಣ. ಉಕ್ಕಿನಲ್ಲಿ ಸುಮಾರು 23 ಕಿಲೋ. ಅಲ್ಯೂಮಿನಿಯಮ್ಮಿನಲ್ಲಿ ಸುಮಾರು 12. ಉಳಿತಾಯ 11 ಕಿಲೋ. ಒಂದೂವರೆ ವರ್ಷದ ಕೂಸಿನ ತೂಕ! ಸಾವಿರ ಕಿಲೋ ದಾಟಿದ ಜೀಪಿಗೆ ಅದು ನೂರರಲ್ಲಿ ಒಂದು ಪಾಲು. ಹಿಂದಿನ ಸೀಟಿನ ಕೆಳಗೆ ಇಡುತ್ತಿದ್ದ 20 ಲೀಟರಿನ ಪೆಟ್ರೋಲ್ ಡಬ್ಬಿಯೇ 15 ಕಿಲೋ ತೂಗುತ್ತದೆ. "ಡಬ್ಬಿ ಇಳಿಸಿದ್ರೆ ಹೊಸ ಬಾನೆಟ್ಟಿಗಿಂತ ಹೆಚ್ಚು ಹಗುರ ಆಗ್ತದೆ, ತಮ್ಮಾ" ಎಂದನು ಹಿರಿಯ. ಪಂದ್ಯದ ಕಾರಿನವರಿಗೆ ಹನ್ನೊಂದು ಕಿಲೋ ದೊಡ್ಡದಿರಬಹುದು. ತೋಟಿಗನ ಜೀಪಿಗೆ ಹಗುರದ ಲಾಭ ನೆಪಮಾತ್ರ. ಪ್ರಶ್ನೆ ತೂಕದ್ದಲ್ಲ, ತುಕ್ಕಿನದು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ತುಕ್ಕಿನ ದೃಷ್ಟಿಯಿಂದ ಅಲ್ಯೂಮಿನಿಯಮ್ ಹೇಗೆ? ಈ ಕಥೆ ಇಂಗ್ಲೆಂಡಿನಲ್ಲಿ ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿ ಉಕ್ಕಿಗೆ ರೇಷನ್. ವಿಮಾನಗಳಿಗಾಗಿ ಬೆಳೆದ ಅಲ್ಯೂಮಿನಿಯಮ್ ಉದ್ಯಮಕ್ಕೆ ಕೆಲಸ ಬೇಕಿತ್ತು. 1948ರಲ್ಲಿ ಹೊರಬಂದ ಲ್ಯಾಂಡ್ ರೋವರಿಗೆ ಉಕ್ಕಿನ ಚಾಸಿಯ ಮೇಲೆ ಅಲ್ಯೂಮಿನಿಯಮ್ ಮಿಶ್ರಲೋಹದ ಹೊರಮೈ ಕೊಟ್ಟರು. ಅನಿವಾರ್ಯದ ಉಪಾಯ ದಶಕಗಟ್ಟಲೆ ಉಳಿದ ಸಂಪ್ರದಾಯವಾಯಿತು. ನಮ್ಮಲ್ಲಿ ಸಾರಿಗೆ ಬಸ್ಸುಗಳ ಮೈಗೆ ಅಲ್ಯೂಮಿನಿಯಮ್ ತಗಡನ್ನು ರಿವೆಟ್ ಹೊಡೆದು ಕೂಡಿಸುವ ಪದ್ಧತಿ ಬಹುಕಾಲದ್ದು. ಆದ್ದರಿಂದ ರಿವೆಟ್ಟಿನ ಕೈಚಳಕ ಈ ಕಡೆಯ ಕುಶಲಕರ್ಮಿಗಳಿಗೆ ಹೊಸದಲ್ಲ.

ಆದರೆ ಅಲ್ಯೂಮಿನಿಯಮ್ಮಿನ ಕೆಲಸಕ್ಕೆ ಬೇರೆಯೇ ಮರ್ಯಾದೆ ಬೇಕು. ಅದರ ಲೋಹ 660 ಡಿಗ್ರಿಯಲ್ಲಿ ಕರಗಿದರೆ, ಮೇಲಿನ ಕಣ್ಣಿಗೆ ಕಾಣದ ಪೊರೆ ಕರಗುವುದು 2,000 ಡಿಗ್ರಿ ದಾಟಿದ ಮೇಲೆ. ಸಾಮಾನ್ಯ ಗ್ಯಾಸ್ ಬೆಸುಗೆಯವನ ಕೈಗೆ ಅದು ಸುಲಭವಾಗಿ ಒಗ್ಗುವುದಿಲ್ಲ. ಬಡಿದು ಬಡಿದು ಬಿರುಸಾದ ತಗಡನ್ನು ಮೆದುಮಾಡಲು ಹಳೆಯ ಕುಶಲಿಗಳು ಸಾಬೂನು ಸವರಿ ಕಾಯಿಸುತ್ತಾರೆ. ಸಾಬೂನು ಕಪ್ಪಾದಾಗ ಬೆಂಕಿ ತೆಗೆಯಬೇಕು, ಇನ್ನೂ ಕಾಯಿಸಿದರೆ ತಗಡು ಸೂಚನೆಯಿಲ್ಲದೆ ಕುಸಿದು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಯೂಮಿನಿಯಮ್ ಬರಿಯ ಉಕ್ಕಿಗೆ ತಾಗಿಕೊಂಡು ಒದ್ದೆಯಾದರೆ ಎರಡೂ ಸೇರಿ ಪುಟ್ಟ ಬ್ಯಾಟರಿಯಾಗಿ, ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಉದುರುತ್ತದೆ. ನಡುವೆ ರಬ್ಬರಿನ ಪಟ್ಟಿ, ಬೋಲ್ಟಿಗೆ ನೈಲಾನ್ ವಾಷರು, ಎರಡೂ ಮುಖಕ್ಕೆ ಬಣ್ಣ - ಇವಿಲ್ಲದೆ ಕೂಡಿಸಕೂಡದು. ಕುಮಟಾ, ಅಂಕೋಲೆಗಳ ಉಪ್ಪುಗಾಳಿಗೆ ಆಗಾಗ ಇಳಿದು ಬರುವ ವಾಹನಕ್ಕಂತೂ ಈ ಎಚ್ಚರ ಇಮ್ಮಡಿ ಬೇಕು.

ಶಿರಸಿಯಲ್ಲಿ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಕಚೇರಿಯಿದೆ. ಕೆಎ-31 ಎಂಬ ಸಂಖ್ಯೆಯ ಫಲಕಗಳು ಹುಟ್ಟುವುದು ಅಲ್ಲಿಂದಲೇ. ಮೈ ಬದಲಿಸುವವರು ಟಿಂಕರನಿಗಿಂತ ಮುಂಚೆ ಮಾತಾಡಬೇಕಾದದ್ದು ಇಂಥ ಕಚೇರಿಯಲ್ಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಣೆಯಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಮೈಯ ಬಗೆ, ಖಾಲಿ ವಾಹನದ ತೂಕ, ಬಣ್ಣ - ಇವು ನೋಂದಣಿಯ ವಿವರಗಳಲ್ಲಿ ಸೇರಿವೆ. ಕೆಟ್ಟ ಭಾಗಕ್ಕೆ ಅದೇ ಆಕಾರದ, ಅದೇ ವಸ್ತುವಿನ ಭಾಗ ಹಾಕುವುದು ದುರಸ್ತಿ. ವಸ್ತುವನ್ನೇ ಬದಲಿಸುವುದಾದರೆ ಮೊದಲೇ ಬರಹದಲ್ಲಿ ಕೇಳಿ ಉತ್ತರ ಪಡೆಯುವುದು, ವಿಮೆಯವರಿಗೂ ತಿಳಿಸುವುದು ಜಾಣತನ. ಇನ್ನೊಂದು ನಿಯಮವೂ ಲೆಕ್ಕಕ್ಕೆ ಬರುತ್ತದೆ. 2021ರಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನವನ್ನು ಪುರಾತನ ವಾಹನವೆಂದು ದಾಖಲಿಸಬಹುದು. ಆದರೆ ಅದರ ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಮಿತ್ರರ ಜೀಪಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಪುರಾತನವೆಂದು ದಾಖಲಾದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ಅವರಿಗೆ ಆ ಗೌರವ ಸದ್ಯ ಬೇಡ. ಆದರೂ ಮಗನ ಕಾಲಕ್ಕೆ ಬೇಕೆನಿಸಿದರೆ ಬಾಗಿಲು ಮುಚ್ಚಿರಬಾರದಲ್ಲವೆ?

ಸಿದ್ದಾಪುರದ ತೋಟದಲ್ಲಿ

ಶಿರಸಿಯಿಂದ ಕಾನಸೂರಿನ ಮೇಲೆ ಸಿದ್ದಾಪುರಕ್ಕೆ 37 ಕಿಲೋಮೀಟರಿನಷ್ಟು ದಾರಿ. ಎರಡು ಗುಡ್ಡಗಳ ನಡುವಿನ ಪ್ರತಿಯೊಂದು ಕಣಿವೆಯಲ್ಲಿಯೂ ಅಡಿಕೆಯ ತೋಟ. ತೋಟದ ಮೇಲಂಚಿನಲ್ಲಿ ಹೆಂಚಿನ ಮನೆ. ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಮುಂದೆ ಹೋದರೆ ಜೋಗ. ಬಲಕ್ಕೆ ಸರಿದರೆ ಅಘನಾಶಿನಿ ಧುಮುಕುವ ಉಂಚಳ್ಳಿ. ಹಳ್ಳ ದಾಟಿ, ಏರು ಹತ್ತಿ, ಜೀಪು ಮನೆಯ ಅಂಗಳದಲ್ಲಿ ನಿಂತಾಗ ಸಂಜೆ. "ಕೂತ್ಕಳ್ಳಿ, ಆಸ್ರಿಗೆ ಎಂತ ಮಾಡ್ಲಿ?" ಎನ್ನುತ್ತ ಮಿತ್ರರ ತಾಯಿಯವರು ಹೊರಗೆ ಬಂದರು. ಮುರುಗಲು ಹಣ್ಣಿನ ಪಾನಕ ಕುಡಿದ ಮೇಲೆ ಮೈಯ ದಣಿವು ಇಳಿಯಿತು.

ತೀರ್ಮಾನಕ್ಕೆ ಬೇಕಾದ ಕೊನೆಯ ಸುಳಿವು ಪುಸ್ತಕದಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಸಿಕ್ಕಲಿಲ್ಲ. ಆ ಮನೆಯ ಕೊಟ್ಟಿಗೆಯಲ್ಲಿ ಸಿಕ್ಕಿತು. ಗೋಡೆಯ ಬಳಿ ಮೈಲುತುತ್ತದ ಚೀಲ, ಸುಣ್ಣದ ಡಬ್ಬ, ನೀಲಿ ಕಲೆಗಳ ಪ್ಲಾಸ್ಟಿಕ್ ಪೀಪಾಯಿ. ಮಳೆಗಾಲದಲ್ಲಿ ಅಡಿಕೆಯ ಕೊನೆಗಳಿಗೆ ಬರುವ ಕೊಳೆರೋಗ ಈ ನಾಡಿನ ತೋಟಿಗರ ಹಗೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿಯೇ ಅದರ ಅಧ್ಯಯನವನ್ನು ಪ್ರಕಟಿಸಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು - ಇದು ಬೋರ್ಡೋ ದ್ರಾವಣದ ಪಾಕ. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಮತ್ತೊಮ್ಮೆ, ಕೊನೆಗೌಡ ಮರವೇರಿ ಸಿಂಪಡಿಸುತ್ತಾನೆ. ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ತೋಟಿಗರು ಅದರಲ್ಲಿ ಒಂದು ಕಬ್ಬಿಣದ ಚೂರಿಯನ್ನು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಟ್ಟಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಎಂದರೆ ತಾಮ್ರ. ಅದು ಅಲಗಿನ ಮೇಲೆ ಕುಳಿತಷ್ಟೂ ಕಬ್ಬಿಣ ನೀರಿಗಿಳಿದಿರುತ್ತದೆ.

ಮಿತ್ರರು ಚೂರಿಯ ಮಾತು ಹೇಳುತ್ತಿದ್ದಂತೆ ಮಗ ಜೀಪಿನ ಹಿಂಭಾಗಕ್ಕೆ ಹೋಗಿ ನೋಡಿದನು. ಮೈಲುತುತ್ತದ ಚೀಲಗಳನ್ನೂ ಪೀಪಾಯಿಗಳನ್ನೂ ಹೇರುತ್ತಿದ್ದ ಜಾಗದಲ್ಲಿಯೇ ತಗಡು ಎಲ್ಲಕ್ಕಿಂತ ಹೆಚ್ಚು ತಿಂದು ಹೋಗಿತ್ತು. ಮಳೆ ಮಾತ್ರವಲ್ಲ, ತೋಟವನ್ನು ಕಾಯುವ ಮದ್ದೇ ಜೀಪನ್ನು ತಿನ್ನುತ್ತಿತ್ತು. ಅಲ್ಯೂಮಿನಿಯಮ್ಮಿಗೆ ಮೈಲುತುತ್ತದ ನೀರು ಕಬ್ಬಿಣಕ್ಕಿಂತ ದೊಡ್ಡ ಶತ್ರು. ತಾಮ್ರ ಕುಳಿತ ಕಡೆಯೆಲ್ಲ ಅದಕ್ಕೆ ಸಣ್ಣ ಗುಳಿಗಳು ಬೀಳುತ್ತವೆ. ಆದ್ದರಿಂದ ಸರಕು ಹೇರುವ ಭಾಗಕ್ಕೆ ಅಲ್ಯೂಮಿನಿಯಮ್ ಹಾಕುವ ಯೋಚನೆ ಆ ಸಂಜೆಯೇ ಕೈಬಿಟ್ಟುಹೋಯಿತು.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಪಟ್ಟಿ ತಯಾರಾಯಿತು. ಬಾನೆಟ್ಟು ಎಂಜಿನ್ನಿನ ಕಾವಿನಿಂದ ಬೇಗ ಒಣಗುವುದರಿಂದ ಹೆಚ್ಚು ಕೆಟ್ಟಿಲ್ಲ. ಅದು ಹಾಗೆಯೇ ಇರಲಿ. ನೆಲ ಮತ್ತು ಹಿಂಭಾಗಕ್ಕೆ ಸತುವಿನ ಲೇಪವಿರುವ ಉಕ್ಕಿನ ತಗಡು. ಬೆಸುಗೆಯ ಜಾಗದಲ್ಲಿ ಸತುವು ಸುಟ್ಟುಹೋಗುವುದರಿಂದ ಅಲ್ಲಿ ಮತ್ತೆ ಸತುವಿನ ಬಣ್ಣ. ಬೆಸುಗೆಯ ಹೊಗೆ ಎದೆಗೆ ಕೆಟ್ಟದ್ದಾದ್ದರಿಂದ ಕೆಲಸ ಬಯಲಿನಲ್ಲಿ. ನೆಲದ ಕೆಳಗಿನ ಟೊಪ್ಪಿಯಾಕಾರದ ಪಟ್ಟಿಗಳಲ್ಲಿ ಕೆಸರು ನಿಲ್ಲದಂತೆ ನೀರು ಇಳಿಯುವ ತೂತುಗಳು. ಪೀಪಾಯಿಯ ಕೆಳಗೆ ಅಂಚು ಎತ್ತಿದ ಪ್ಲಾಸ್ಟಿಕ್ ತಟ್ಟೆ. ಮದ್ದು ಹೇರಿದ ದಿನ ಸಂಜೆ ತಪ್ಪದೆ ತೊಳೆಯುವುದು. ಮುಂದಿನ ಎರಡು ಮಡ್‌ಗಾರ್ಡುಗಳಿಗೆ ಮಾತ್ರ, ಸಾರಿಗೆ ಕಚೇರಿಯ ಒಪ್ಪಿಗೆ ಬರಹದಲ್ಲಿ ಬಂದರೆ, ಫೈಬರು. ಭಾರ ಹೊರದ, ಕೆಸರು ಬಡಿಯುವ, ಬಿಚ್ಚಿ ಕೂಡಿಸಬಹುದಾದ ಭಾಗಗಳು ಅವೇ. ಒಪ್ಪಿಗೆ ಬರದಿದ್ದರೆ ಅವಕ್ಕೂ ಉಕ್ಕೇ. ಕೆಲಸ ಮಾಘ ಮಾಸದ ಒಣಹವೆಯಲ್ಲಿ.

ಮಗ ಲೆಕ್ಕ ಹಾಕಿದನು. ಇಷ್ಟೆಲ್ಲ ಆದ ಮೇಲೆ ಜೀಪು ಹಗುರವಾಗುವುದು ಹೆಚ್ಚೆಂದರೆ ಮೂರು ನಾಲ್ಕು ಕಿಲೋ. ಅವನ ಮುಖ ಸ್ವಲ್ಪ ಬಾಡಿತು. ಒಳಗಿನಿಂದ ಕೇಳಿಸಿಕೊಂಡಿದ್ದ ಅಜ್ಜಿ ಬಾಗಿಲಿಗೆ ಬಂದು, "ಹಗೂರ ಎಂತಕ್ಕೆ ಮಾಣಿ? ಮಳೆಗಾಲದಲ್ಲಿ ಆಚೆ ದಡ ಮುಟ್ಟಿಸಿದ್ರೆ ಸಾಕು" ಎಂದರು.

ಹಳೆಯ ವಾಹನವನ್ನು ಉಳಿಸಿಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ ಎಂದು ನನಗೂ ತೋರಿತು. ಯಾವ ವಸ್ತು ಉತ್ತಮವೆಂದು ಕೇಳಿದರೆ ಅಂಗಡಿಗೊಂದು ಉತ್ತರ ಸಿಗುತ್ತದೆ. ಈ ಭಾಗ ಯಾಕೆ ಕೆಟ್ಟಿತು, ಇದು ಹೊರುವ ಭಾರವೇನು, ಇದರ ಮೇಲೆ ಏನು ಚೆಲ್ಲುತ್ತದೆ, ಇದು ಮುರಿದರೆ ಯಾರಿಗೆ ಅಪಾಯ - ಹೀಗೆ ಒಂದೊಂದು ಭಾಗಕ್ಕೂ ಕೇಳಿದರೆ ಉತ್ತರ ತಾನಾಗಿ ಸಿಗುತ್ತದೆ. ಅದು ಬಯಲುಸೀಮೆಯ ಕಾರಿಗೊಂದು, ಕಡಲತಡಿಯ ಕಾರಿಗೊಂದು, ಮಳೆನಾಡಿನ ಜೀಪಿಗೆ ಇನ್ನೊಂದು. ಮೂರು ತಾಲ್ಲೂಕು ಸುತ್ತಿ, ಮೂರು ಬಗೆಯ ತಗಡು ತಟ್ಟಿ ನೋಡಿದ ಮೇಲೆ ಆ ಮನೆಯವರು ಕಂಡುಕೊಂಡದ್ದು ಇಷ್ಟು. ಘಟ್ಟದ ಮೇಲಿನ ಕಡೆ ಹೋಗುವ ವಾಚಕರು ಜಲಪಾತಗಳನ್ನು ಅವಶ್ಯವಾಗಿ ನೋಡಲಿ. ದಾರಿಯಲ್ಲಿ ಕೆಂಪು ಕೆಸರು ಮೆತ್ತಿದ ಹಳೆಯ ಜೀಪೊಂದು ಎದುರಾದರೆ ಅದಕ್ಕೂ ಸ್ವಲ್ಪ ದಾರಿ ಬಿಡಲಿ. ಅದರಲ್ಲಿ ಯಾರಿದ್ದಾರೋ, ಎಲ್ಲಿಗೆ ಅವಸರವೋ!